ಸ್ವಾಗತಕ್ಕೆ ತಮಟೆ, ವೇದಿಕೆಗೆ ವೀಣೆ



ಕಳೆದ ವಾರ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ತಮ್ಮ ಸಮಾವೇಶದ ಆಮಂತ್ರಣ ಪತ್ರಿಕೆಯ ಕರಡನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿ, "ಮೇಷ್ಟ್ರೇ, ಕಾಗುಣಿತದ ತಪ್ಪಿದ್ದರೆ ತಿದ್ದಿಕೊಡಿ" ಎಂದು ಕೇಳಿದ್ದರು. ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದವನಿಗೆ ಇದಕ್ಕಿಂತ ಪ್ರಿಯವಾದ ಕೆಲಸ ಬೇರೆ ಏನಿದ್ದೀತು? ಕನ್ನಡಕ ಏರಿಸಿಕೊಂಡು ಕುಳಿತೆ. ಕಾಗುಣಿತದಲ್ಲಿ ಎರಡೇ ತಪ್ಪುಗಳಿದ್ದವು. ("ಹಾರ್ದಿಕ" ಎಂಬುದನ್ನು "ಹಾರ್ಧಿಕ" ಎಂದು ಬರೆಯುವ ಅಭ್ಯಾಸವನ್ನು ನೀವು ಅಜ್ಜಂದಿರಾದರೂ ಬಿಡುವಂತೆ ಕಾಣುವುದಿಲ್ಲ!) ಆದರೆ ಕಾರ್ಯಕ್ರಮದ ವಿವರವನ್ನು ಓದುತ್ತಿದ್ದಂತೆ ಕಾಗುಣಿತಕ್ಕಿಂತ ದೊಡ್ಡದಾದ ತಪ್ಪೊಂದು ಕಣ್ಣಿಗೆ ಬಿತ್ತು. ಅದನ್ನು ಕೆಂಪು ಮಸಿಯಲ್ಲಿ ಒಂದು ಗೆರೆ ಎಳೆದು ತಿದ್ದುವಂತಿಲ್ಲ. ಆದ್ದರಿಂದ ಈ ಬರಹ.

ಕರಡಿನಲ್ಲಿ ಹೀಗಿದೆ. ಬೆಳಿಗ್ಗೆ 9 ಗಂಟೆಗೆ ಬಸ್ ನಿಲ್ದಾಣದಿಂದ ಶಾಲೆಯ ಬಾಗಿಲವರೆಗೆ ತಮಟೆ ವಾದ್ಯ ಮತ್ತು ಪೂರ್ಣಕುಂಭಗಳೊಡನೆ ಗುರುವೃಂದದ ಮೆರವಣಿಗೆ. 10-30ಕ್ಕೆ ವೇದಿಕೆಯ ಕಾರ್ಯಕ್ರಮ, ವೀಣಾವಾದನದಿಂದ ಆರಂಭ. ವೀಣೆ ನುಡಿಸುವ ಹೆಣ್ಣುಮಗಳ ಹೆಸರು 'ವಿದುಷಿ' ಎಂಬ ವಿಶೇಷಣದೊಡನೆ ಬಂದಿದೆ, ಸಂತೋಷ. ತಮಟೆ ಬಾರಿಸುವವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. 'ತಮಟೆ ವಾದ್ಯ' ಎಂದಷ್ಟೇ ಇದೆ. ಅದು ತನ್ನಷ್ಟಕ್ಕೆ ತಾನೇ ಬಾರಿಸಿಕೊಂಡು ಬಸ್ ನಿಲ್ದಾಣದಿಂದ ಶಾಲೆಯವರೆಗೆ ನಡೆದು ಬರುತ್ತದೆಯೋ ಎಂಬಂತೆ!

ಮಿತ್ರರೇ, ನಿಮ್ಮ ಪ್ರೀತಿಗೆ ನಾನು ಋಣಿ. ಆದರೆ ಈ ಮೆರವಣಿಗೆಯಲ್ಲಿ ನಾನು ನಡೆಯಲಾರೆ. ಕಾರಣ ಹೇಳದೆ ತಪ್ಪಿಸಿಕೊಳ್ಳಬಹುದಿತ್ತು. ಮಂಡಿನೋವು ಎಂದರೆ ಯಾರೂ ನಂಬದೆ ಇರುತ್ತಿರಲಿಲ್ಲ. ಆದರೆ ಕಾರಣ ಹೇಳಲೇಬೇಕು, ಏಕೆಂದರೆ ಈ ಕರಡಿನ ಮೊದಲ ಕರಡನ್ನು ಬರೆದವನು ನಾನೇ.

ಅದು 1988ರ ಮಾತು. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಹೊಸ ಮೇಷ್ಟ್ರ ಹುರುಪು ಇನ್ನೂ ಇಳಿದಿರಲಿಲ್ಲ. ಶಾಲಾ ವಾರ್ಷಿಕೋತ್ಸವದ ಸಾಂಸ್ಕೃತಿಕ ಕಾರ್ಯಕ್ರಮಗಳ ಹೊಣೆಯನ್ನು ಮುಖ್ಯೋಪಾಧ್ಯಾಯರು ನನಗೆ ವಹಿಸಿದ್ದರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹಿಂದಿನ ದಿನ ಸಂಜೆ ಗೋಣಿಚೀಲದಲ್ಲಿ ಏನನ್ನೋ ಸುತ್ತಿಕೊಂಡು ಬಂದು ಬಾಗಿಲ ಬಳಿ ನಿಂತ. "ಸಾ, ಕೋಲಾಟಕ್ಕೆ ನಾನು ತಮಟೆ ಬಾರಿಸ್ಲಾ? ನಮ್ಮಪ್ಪ ಕಲಿಸವ್ರೆ" ಎಂದ. ನಾನು ಗದರಲಿಲ್ಲ. ಗದರಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ. ನಗುನಗುತ್ತಲೇ, "ಅದು ಊರ ಹಬ್ಬಕ್ಕೆ ಸರಿಯಪ್ಪ, ಶಾಲೆಗಲ್ಲ. ಸೈಕಲ್ ಷೆಡ್ಡಿನಲ್ಲಿ ಇಟ್ಟು ಬಾ" ಎಂದೆ. ಅವನು ಇಟ್ಟು ಬಂದ. ಕೋಲಾಟದಲ್ಲಿ ಕೋಲು ಹಿಡಿದು ಕುಣಿದ.

ಮರುದಿನ ಮುಖ್ಯ ಅತಿಥಿಗಳನ್ನು ಬಸ್ ನಿಲ್ದಾಣದಿಂದ ಕರೆತಂದದ್ದು ತಮಟೆಯ ಸದ್ದಿನೊಡನೆ. ಬಾರಿಸಿದವರು ಅದೇ ಹುಡುಗನ ತಂದೆ. ಮೆರವಣಿಗೆ ಶಾಲೆಯ ಗೇಟಿಗೆ ಬಂದಿತು. ಅತಿಥಿಗಳು ಒಳಗೆ ಬಂದರು, ತಮಟೆ ಹೊರಗೆ ನಿಂತಿತು. ನಿಲ್ಲಿ ಎಂದು ಯಾರೂ ಹೇಳಲಿಲ್ಲ; ಹೇಳುವ ಅಗತ್ಯವೂ ಇರಲಿಲ್ಲ. ಗೇಟಿನ ಬಳಿಯೇ ಅವರ ಕೈಗೆ ಹತ್ತು ರೂಪಾಯಿ ಕೊಟ್ಟು ಕಳುಹಿಸಿದವನು ನಾನು. ಒಳಗೆ ವೀಣೆ ನುಡಿಸಿದ ಹುಡುಗಿಗೆ ಶಾಲು, ಹಣ್ಣು, ಕವರಿನಲ್ಲಿ ನೂರು ರೂಪಾಯಿ. ರಾತ್ರಿ ಲೆಕ್ಕ ಬರೆಯುವಾಗ ನೂರು ರೂಪಾಯಿಯನ್ನು 'ಕಲಾವಿದರ ಗೌರವಧನ' ಎಂದೂ ಹತ್ತು ರೂಪಾಯಿಯನ್ನು 'ಸ್ವಾಗತ ವೆಚ್ಚ' ಎಂದೂ ನಮೂದಿಸಿದೆ. ಸ್ವಾಗತ ವೆಚ್ಚದಲ್ಲಿ ಹೂವಿನ ಹಾರ ಮತ್ತು ಬಾಳೆಯ ಕಂದು ಸಹ ಸೇರಿದ್ದವು. ಒಬ್ಬ ವಾದಕನನ್ನು ನಾನು ಬಾಳೆಯ ಕಂದಿನ ಸಾಲಿನಲ್ಲಿ ಬರೆದಿದ್ದೆ.

ಮೂವತ್ತೇಳು ವರ್ಷಗಳಾದ ಮೇಲೆ ನೀವು ಕಳುಹಿಸಿದ ಕರಡಿನಲ್ಲಿ ಅದೇ ಗೇಟು ಅಲ್ಲಿಯೇ ಇದೆ. ಅದನ್ನು ನಿಮಗೆ ಕಲಿಸಿದವನು ನಾನು. ಆದ್ದರಿಂದ ಈ ಜಗಳ ಮೊದಲು ನನ್ನೊಡನೆ, ಆಮೇಲೆ ನಿಮ್ಮೊಡನೆ.

ನಾನು ಕನ್ನಡ ಮೇಷ್ಟ್ರು. ಮೊದಲು ಮಾತಿನಲ್ಲಿಯೇ ನೋಡೋಣ. ವೀಣೆಯನ್ನು ನಾವು 'ನುಡಿಸುತ್ತೇವೆ', ಮೃದಂಗವನ್ನೂ 'ನುಡಿಸುತ್ತೇವೆ'. ತಮಟೆಯನ್ನು 'ಬಡಿಯುತ್ತೇವೆ', 'ಹೊಡೆಯುತ್ತೇವೆ'. ಮೃದಂಗಕ್ಕೆ ಬೀಳುವುದೂ ಪೆಟ್ಟೇ, ತಮಟೆಗೆ ಬೀಳುವುದೂ ಪೆಟ್ಟೇ. ಕ್ರಿಯಾಪದ ಮಾತ್ರ ಬೇರೆ. ಕ್ರಿಯಾಪದದ ಕೊನೆಯನ್ನೂ ಗಮನಿಸಿ: 'ಮೃದಂಗ ನುಡಿಸಿದರು' ಎನ್ನುತ್ತೇವೆ, 'ತಮಟೆ ಬಡಿದ' ಎನ್ನುತ್ತೇವೆ. ವಾದ್ಯ ಬದಲಾದೊಡನೆ ಬಹುವಚನ ಉದುರಿಹೋಗುತ್ತದೆ! ನುಡಿಗಟ್ಟುಗಳನ್ನು ನೋಡಿ. ಹೃದಯಕ್ಕೆ ವೀಣೆ, ಹೊಂದಾಣಿಕೆಗೆ ಶ್ರುತಿ ಸೇರುವುದು. ಗುಟ್ಟು ರಟ್ಟಾಯಿತೆಂದರೆ 'ತಮಟೆ ಹೊಡೆದ', ಜಂಬ ಕೊಚ್ಚಿದರೆ 'ತುತ್ತೂರಿ ಊದಿದ', ಊರಿಗೆಲ್ಲ ಹೇಳಿಕೊಂಡು ಬಂದರೆ 'ಡಂಗುರ ಸಾರಿದ'. ಇವನ್ನೆಲ್ಲ 'ಸ್ವಂತ ವಾಕ್ಯದಲ್ಲಿ ಬಳಸಿರಿ' ಎಂದು ನಿಮ್ಮಿಂದ ಬರೆಸಿ ತಲಾ ಒಂದು ಅಂಕ ಕೊಟ್ಟವನು ನಾನು. ಆ ತರಗತಿಯ ಕೊನೆಯ ಬೆಂಚಿನಲ್ಲಿ ತಮಟೆ ಬಾರಿಸುವವರ ಮಗ ಕುಳಿತಿದ್ದ. ಅವನೂ ಬರೆದ, ಅವನಿಗೂ ಒಂದು ಅಂಕ ಕೊಟ್ಟೆ.

'ಮೇಷ್ಟ್ರೇ, ಇದು ಮಾತಿನ ಮಾತಾಯಿತು. ವೀಣೆ ಶಾಸ್ತ್ರೀಯ ವಾದ್ಯ, ತಮಟೆ ಜಾನಪದ ವಾದ್ಯ. ಈ ಭೇದ ಪುರಾತನವಾದದ್ದಲ್ಲವೇ?' ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹಿಂದೆ ನಾನೂ ಹಾಗೆಯೇ ನಂಬಿದ್ದೆ. ಆದರೆ ಶಾಸ್ತ್ರವೆಂದು ನಾವು ಯಾವುದನ್ನು ಮುಂದಿಡುತ್ತೇವೆಯೋ ಅದರಲ್ಲಿ ಈ ಭೇದವಿಲ್ಲ. ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ತಂತಿಯಿಂದ ನುಡಿಯುವ ತತ, ಉಸಿರಿನಿಂದ ನುಡಿಯುವ ಸುಷಿರ, ಚರ್ಮ ಬಿಗಿದ ಅವನದ್ಧ, ತಾಳದಂತಹ ಗಟ್ಟಿ ವಸ್ತುವಿನ ಘನ. ನಾದ ಎಲ್ಲಿಂದ ಹುಟ್ಟುತ್ತದೆ ಎಂಬುದೊಂದೇ ಅಲ್ಲಿಯ ಪ್ರಶ್ನೆ. ಈ ಲೆಕ್ಕದಲ್ಲಿ ಮೃದಂಗವೂ ತಮಟೆಯೂ ಡೊಳ್ಳೂ ಒಂದೇ ಮನೆಯ ಮಕ್ಕಳು. ನಾಗಸ್ವರವೂ ಕೊಂಬೂ ಒಂದೇ ಮನೆಯವು. ಜೋಗಿಗಳ ಕಿನ್ನರಿಯೂ ನಮ್ಮ ವೀಣೆಯೂ ಒಂದೇ ಮನೆಯವು.

ಕಿನ್ನರಿಯ ಮಾತು ಬಂತು. 'ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ' ಎಂಬ ಗಾದೆಯನ್ನು ತರಗತಿಯಲ್ಲಿ ನಿಮ್ಮ ಮೇಲೆಯೇ ಎಷ್ಟೋ ಸಲ ಪ್ರಯೋಗಿಸಿದ್ದೇನೆ. ಸೋರೆಬುರುಡೆ ಕಟ್ಟಿದ ಆ ತಂತಿವಾದ್ಯವನ್ನು ನುಡಿಸುತ್ತ ಭಾರತದ ಕಥೆಗಳನ್ನು ಹಾಡುವ ಕಿನ್ನರಿ ಜೋಗಿಗಳನ್ನು ನಾವು ಭಿಕ್ಷೆಯವರೆಂದು ತಿಳಿದು ಒಂದು ಹಿಡಿ ರಾಗಿ ಹಾಕಿ ಕಳುಹಿಸುತ್ತಿದ್ದೆವು. ಅದೇ ಹೆಸರಿನ ವಾದ್ಯಕ್ಕೆ ಹದಿಮೂರನೆಯ ಶತಮಾನದ ಶಾರ್ಙ್ಗದೇವನ 'ಸಂಗೀತರತ್ನಾಕರ'ದಲ್ಲಿ ಲಕ್ಷಣವುಂಟು, ಭೇದಗಳುಂಟು. ಶಾಸ್ತ್ರಗ್ರಂಥದಲ್ಲಿ ಸ್ಥಾನ ಪಡೆದ ವಾದ್ಯ ನಮ್ಮ ಜಗಲಿಯ ಕೆಳಗೆ ನಿಂತಿತ್ತು. ಕೋಣ ಯಾರೆಂಬುದನ್ನು ನಾನು ಹೇಳಬೇಕಾಗಿಲ್ಲ.

ಇನ್ನು ತಮಟೆ. ಹಳಗನ್ನಡ ಶಾಸನಗಳ ಪಾಠ ಮಾಡುವಾಗ 'ಸಮಧಿಗತ ಪಂಚಮಹಾಶಬ್ದ' ಎಂಬ ಬಿರುದು ಮತ್ತೆ ಮತ್ತೆ ಬರುತ್ತಿದ್ದುದು ನಿಮಗೆ ನೆನಪಿರಬಹುದು. ನೆನಪಿರಲಾರದು, ಹೋಗಲಿ! ಐದು ಮಹಾವಾದ್ಯಗಳನ್ನು ತನ್ನ ಮುಂದೆ ಮೊಳಗಿಸಿಕೊಳ್ಳುವ ಗೌರವವನ್ನು ಪಡೆದವನು ಎಂಬುದು ಅದಕ್ಕೆ ಸಾಮಾನ್ಯವಾಗಿ ಹೇಳುವ ಅರ್ಥ. ಮಹಾಮಂಡಲೇಶ್ವರರು ತಮ್ಮ ಹೆಸರಿನ ಮೊದಲಿಗೇ ಇದನ್ನು ಕೆತ್ತಿಸಿಕೊಳ್ಳುತ್ತಿದ್ದರು. ಆ ಐದು ವಾದ್ಯಗಳು ಯಾವುವು? ನಿಜಗುಣ ಶಿವಯೋಗಿಗಳ 'ವಿವೇಕಚಿಂತಾಮಣಿ' ಅವನ್ನು ಎಣಿಸುತ್ತದೆ: ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಎರಡನೆಯದನ್ನು ಮತ್ತೊಮ್ಮೆ ಓದಿ. ಅರಸರು ಬಿರುದೆಂದು ಹೇಳಿಕೊಳ್ಳುತ್ತಿದ್ದ ಐದು ನಾದಗಳ ಪಟ್ಟಿಯಲ್ಲಿ ತಮ್ಮಟವಿದೆ. ಇದನ್ನು ನಾನು ಓದಿದ್ದು ನಿವೃತ್ತನಾಗುವ ಹೊತ್ತಿಗೆ. ಅದಕ್ಕೆ ಮುಂಚೆ ಪಂಚಮಹಾಶಬ್ದಕ್ಕೆ 'ಐದು ಬಗೆಯ ಮಂಗಳವಾದ್ಯಗಳು' ಎಂದು ಟಿಪ್ಪಣಿ ಬರೆಸಿ ಮುಂದಕ್ಕೆ ಹೋಗುತ್ತಿದ್ದೆ.

ಎರಡನೆಯ ಆಕ್ಷೇಪ ಬಾಯಿಬಿಟ್ಟು ಹೇಳುವಂಥದಲ್ಲ, ಒಳಗೊಳಗೇ ಇರುವಂಥದು: ತಮಟೆ ಎಂದರೆ ಚರ್ಮ, ಚರ್ಮವೆಂದರೆ ಮೈಲಿಗೆ. ಹಾಗಾದರೆ ಮೃದಂಗವನ್ನು ಬಿಚ್ಚಿ ನೋಡೋಣ ಬನ್ನಿ. ಹಲಸಿನ ಮರದ ಕೊರಡು. ಅದರ ಎರಡು ಮುಖಗಳಿಗೆ ಬಿಗಿಯುವುದು ಹಸು, ಎಮ್ಮೆ ಮತ್ತು ಆಡಿನ ಚರ್ಮಗಳನ್ನು. ಎರಡು ಮುಖಗಳನ್ನು ಎಳೆದು ಕಟ್ಟುವ ಬಾರೂ ಮೂಲತಃ ತೊಗಲಿನದೇ. ಬಲಮುಖದ ನಡುವಿನ ಕಪ್ಪು ಕರಣೆಯನ್ನು ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು ಪದರ ಪದರವಾಗಿ ಹಚ್ಚಿ ಉಜ್ಜಿ ಕೂರಿಸುತ್ತಾರೆ. ಎಡಮುಖಕ್ಕೆ ಕಛೇರಿಯ ಹೊತ್ತಿನಲ್ಲಿ ರವೆಯನ್ನು ಕಲಸಿ ಮೆತ್ತುತ್ತಾರೆ. ಕಂಜೀರಕ್ಕೆ ಬಿಗಿಯುತ್ತಿದ್ದದ್ದು ಉಡದ ಚರ್ಮ. ವನ್ಯಜೀವಿ ಕಾನೂನು ಬಂದ ಮೇಲೆ ಅದಕ್ಕೆ ಬೇರೆ ಚರ್ಮವನ್ನು ಹುಡುಕಬೇಕಾಯಿತು. ನಮ್ಮ ಕಛೇರಿಯ ವೇದಿಕೆಯ ಮೇಲೆ ಚರ್ಮಕ್ಕೆ ಎಂದೂ ಕೊರತೆ ಇರಲಿಲ್ಲ.

ಆ ಚರ್ಮವನ್ನು ಆರಿಸಿ, ಹದಮಾಡಿ, ಶ್ರುತಿಗೆ ಕೂರಿಸುವವರು ಯಾರು? ಟಿ.ಎಂ. ಕೃಷ್ಣ ಅವರು 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕವನ್ನು ಬರೆದರು. ತಲೆಮಾರುಗಳಿಂದ ಮೃದಂಗ ಮಾಡುತ್ತ ಬಂದ, ಬಹುಪಾಲು ದಲಿತ ಕ್ರೈಸ್ತರಾದ ಕುಶಲಕರ್ಮಿಗಳ ಕಥೆ ಅದು. ವಿದ್ವಾಂಸರ ಕೈಯ ನಾದಕ್ಕೆ ಈ ಜನರ ಕಿವಿಯೂ ಅಷ್ಟೇ ಕಾರಣ ಎಂಬುದನ್ನು ಅದು ತೋರಿಸಿತು. ಆ ಪುಸ್ತಕದ ಬಿಡುಗಡೆಗೆ ಮೊದಲು ಒಪ್ಪಿದ್ದ ಸಭಾಂಗಣದವರು ಕೊನೆಯಲ್ಲಿ ಒಲ್ಲೆವೆಂದು ಹಿಂದೆ ಸರಿದರು. ಸಮಾರಂಭ ಬೇರೆಡೆ ನಡೆಯಿತು. ಮೃದಂಗಕ್ಕೆ ಸದಾ ತೆರೆದಿದ್ದ ಬಾಗಿಲು ಮೃದಂಗ ಮಾಡುವವರ ಕಥೆಗೆ ಮುಚ್ಚಿತು. ನಮ್ಮ ಶಾಲೆಯ ಗೇಟು ಒಂಟಿಯಲ್ಲ ಎಂದು ನನಗೆ ಆಗ ಅರಿವಾಯಿತು.

ವೀಣೆಯನ್ನು ಹಳಿಯಲು ಹೊರಟಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ನನ್ನ ಮನೆಯಾಕೆ ನಲವತ್ತು ವರ್ಷಗಳಿಂದ ವೀಣೆ ನುಡಿಸುತ್ತಾಳೆ. ವೀಣೆ ಶೇಷಣ್ಣನವರ ಮೈಸೂರಿನ ಬಾನಿ ಎಂದರೆ ನಮ್ಮ ಮನೆಯಲ್ಲಿ ದೇವರ ಮಾತು. ವಿಜಯದಶಮಿಯ ಹಿಂದಿನ ದಿನ ವೀಣೆಗೆ ಅರಿಶಿನ ಕುಂಕುಮ ಹಚ್ಚಿ ಪುಸ್ತಕಗಳ ಪಕ್ಕದಲ್ಲಿಟ್ಟು ಪೂಜಿಸುತ್ತೇವೆ. ಆದರೆ ಈ ಬರಹಕ್ಕೆ ಕುಳಿತಾಗ ಆಕೆಯನ್ನು ಕೇಳಿದೆ: "ಈ ವೀಣೆ ಮಾಡಿದವರ ಹೆಸರೇನು?" ಇಪ್ಪತ್ನಾಲ್ಕು ಮೆಟ್ಟಿಲುಗಳನ್ನು ಮೇಣದ ಮೇಲೆ ಒಂದೊಂದಾಗಿ ಕಿವಿಗೊಟ್ಟು ಕೂರಿಸಿದ ಆ ಆಚಾರಿಯ ಹೆಸರು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾವು ವಾದ್ಯಕ್ಕೆ ಆರತಿ ಎತ್ತುತ್ತೇವೆ, ಅದನ್ನು ಮಾಡಿದ ಕೈಯನ್ನು ಮರೆಯುತ್ತೇವೆ. ತಮಟೆಯ ವಿಷಯದಲ್ಲಿ ವಾದ್ಯವನ್ನೂ ಕೈಯನ್ನೂ ಒಟ್ಟಿಗೆ ದೂರ ಇಟ್ಟೆವು.

ಮೂರನೆಯ ಆಕ್ಷೇಪ: 'ಪರಂಪರೆಯನ್ನು ಕಾಪಾಡಬೇಕು, ಸಿಕ್ಕಿದ್ದನ್ನೆಲ್ಲ ವೇದಿಕೆಗೆ ಹತ್ತಿಸಲಾಗದು.' ಬಹಳ ಸರಿ. ಹಾಗಾದರೆ ಪಿಟೀಲು ಎಲ್ಲಿಂದ ಬಂತು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ನರ ವಾದ್ಯವನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇನ್ನೂರು ವರ್ಷ ಕಳೆಯುವುದರೊಳಗೆ ಪಿಟೀಲಿಲ್ಲದ ಕಛೇರಿಯೇ ಇಲ್ಲವೆಂಬಂತಾಯಿತು. ನಮ್ಮ ತಿರುಮಕೂಡಲಿನ ಟಿ. ಚೌಡಯ್ಯನವರು (1895-1967) ಅದಕ್ಕೆ ಏಳು ತಂತಿಗಳನ್ನು ಕಟ್ಟಿ ಮೆರೆಸಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದ್ದಾರೆ. ಸ್ಯಾಕ್ಸೊಫೋನ್ ಎಂಬುದು ಬ್ಯಾಂಡ್‌ಸೆಟ್ಟಿನ ವಾದ್ಯ. ನಾಗಸ್ವರ ವಿದ್ವಾಂಸರ ಮಗನಾದ ಕದ್ರಿ ಗೋಪಾಲನಾಥರು (1949-2019) ಅದನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡು ಮನಸೋತು, ಅದರಲ್ಲಿ ಗಮಕಗಳನ್ನು ಒಲಿಸಿಕೊಂಡರು. 2004ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಬೇಕಾದದ್ದೇ. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗದೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, 1971ರಲ್ಲಿ ಮತ್ತೆ ಬಾಗಿಲು ತೆರೆಯಿತು. ಪರಂಪರೆಯ ಬಾಗಿಲು ತೆರೆಯಬಲ್ಲದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಲದೇ?

ಸಮುದ್ರ ದಾಟಿ ಬಂದ ಪಿಟೀಲಿಗೆ ಮಣೆ ಹಾಕಿದೆವು. ಅರ್ಧ ಮೈಲಿ ದೂರದ ಕೇರಿಯಿಂದ ಬರಬೇಕಾದ ತಮಟೆಗೆ ಇನ್ನೂ ದಾರಿ ಬಿಟ್ಟಿಲ್ಲ. ಹಾಗಿದ್ದ ಮೇಲೆ ಇದು ಪರಂಪರೆಯ ಪ್ರಶ್ನೆಯಲ್ಲ. ನಾದದ ಪ್ರಶ್ನೆಯೂ ಅಲ್ಲ. ಯಾರು ಮುಟ್ಟುತ್ತಾರೆ ಎಂಬುದರ ಮೇಲೆ ನಾವು ವಾದ್ಯಕ್ಕೆ ಜಾತಿ ಕೊಟ್ಟಿದ್ದೇವೆ. 'ಶಾಸ್ತ್ರೀಯ' ಮತ್ತು 'ಜಾನಪದ' ಎಂಬ ಎರಡು ಮಾತುಗಳಿಂದ ಅದಕ್ಕೆ ಅಂದವಾದ ಹೊದಿಕೆ ಹೊದಿಸಿದ್ದೇವೆ.

ತಮಟೆಯಲ್ಲಿ ಕಲಿಯುವಂಥದೇನಿದೆ, ಗದ್ದಲವಷ್ಟೇ ಎನ್ನುವವರು ಒಮ್ಮೆ ಹತ್ತಿರ ನಿಂತು ನೋಡಬೇಕು. ಹಿಂದೆ ಮರದ, ಈಗ ಹೆಚ್ಚಾಗಿ ಕಬ್ಬಿಣದ ಬಳೆಗೆ ಬಿಗಿದ ತೊಗಲು. ಎಡ ಹೆಗಲಿಗೆ ತೂಗುಹಾಕಿಕೊಂಡು ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಗಿಡ್ಡ ಕೋಲು ಗತ್ತನ್ನು ಹಿಡಿದರೆ ಉದ್ದ ಕಡ್ಡಿ ಅದರ ನಡುನಡುವೆ ಸಣ್ಣ ಸಣ್ಣ ಪೆಟ್ಟುಗಳನ್ನು ಪೋಣಿಸುತ್ತದೆ. ಮೋಡದ ದಿನ ತೊಗಲು ಸಡಿಲವಾಗುತ್ತದೆ. ಆಗ ಹುಲ್ಲು ಉರಿಸಿ ಕಾಯಿಸುತ್ತಾರೆ, ಬೆರಳಿನಿಂದ ತಟ್ಟುತ್ತಾರೆ, ಕಿವಿಗೊಡುತ್ತಾರೆ, ಸಾಲದೆಂದು ಮತ್ತೆ ಕಾಯಿಸುತ್ತಾರೆ. ಹೆಚ್ಚು ಕಾದರೆ ತೊಗಲು ಬಿರಿಯುತ್ತದೆ, ಕಡಿಮೆಯಾದರೆ ಸದ್ದು ಸತ್ತಿರುತ್ತದೆ. ವೀಣೆಯ ಬಿರಡೆ ತಿರುವುವುದಕ್ಕೆ ಶ್ರುತಿ ಮಾಡುವುದೆಂದು ಹೆಸರು. ಬೆಂಕಿಯ ಮುಂದೆ ಕುಳಿತು ಮಾಡುವ ಇದಕ್ಕೆ ಏನೆಂದು ಹೆಸರಿಡೋಣ? ಸದ್ದು ಹೆಚ್ಚು ಎಂಬುದು ದೂರಾದರೆ, ಗಣೇಶನ ಹಬ್ಬದಲ್ಲಿ ಕಿಟಕಿಯ ಗಾಜು ನಡುಗಿಸುವ ಡಿ.ಜೆ. ಪೆಟ್ಟಿಗೆಗೆ ಚಂದಾ ಕೊಡುವ ನಾವು ಆ ದೂರನ್ನು ಹೇಳುವ ಹಕ್ಕನ್ನು ಕಳೆದುಕೊಂಡಿದ್ದೇವೆ. ಬಯಲಿನ ವಾದ್ಯ ಬಯಲನ್ನು ತುಂಬಬೇಕು. ಅದು ಅದರ ಗುಣ, ದೋಷವಲ್ಲ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಹಲವರು, 'ಹೌದು ಮೇಷ್ಟ್ರೇ, ಈ ಕಲೆ ನಶಿಸುತ್ತಿದೆ, ಅವರ ಮಕ್ಕಳು ಕಲಿಯುತ್ತಿಲ್ಲ, ಉಳಿಸಬೇಕು' ಎಂದು ತಲೆದೂಗುತ್ತಿರಬಹುದು. ಸ್ವಲ್ಪ ನಿಲ್ಲಿ. ನನ್ನ ಎರಡನೆಯ ತಪ್ಪು ಇಲ್ಲಿಯೇ ಇದೆ.

2019ರಲ್ಲಿ ನನ್ನ ಬೀಳ್ಕೊಡುಗೆಗೆ ಆ ಹುಡುಗ ಬಂದಿದ್ದ. ಹುಡುಗನೆಂದರೆ ಈಗ ನಲವತ್ತೈದರ ಗೃಹಸ್ಥ, ಸರ್ಕಾರಿ ಇಲಾಖೆಯಲ್ಲಿ ಎಂಜಿನಿಯರು. ಕಾಲಿಗೆ ನಮಸ್ಕರಿಸಲು ಬಗ್ಗಿದವನನ್ನು ತಡೆದು ಪಕ್ಕದಲ್ಲಿ ಕೂರಿಸಿಕೊಂಡೆ. ಆ ಹೊತ್ತಿಗೆ ಪಂಚಮಹಾಶಬ್ದದ ಸಂಗತಿ ಓದಿ ನನ್ನ ತಲೆಯ ತುಂಬ ಅದೇ ಇತ್ತು. "ನಿಮ್ಮಪ್ಪನ ತಮಟೆ ಇನ್ನೂ ಇದೆಯೇನಪ್ಪ? ಅದನ್ನು ಬಿಡಬಾರದು. ಮಗನಿಗೆ ಕಲಿಸು. ಅದು ನಮ್ಮ ಸಂಸ್ಕೃತಿ" ಎಂದು ಉಪದೇಶ ಮಾಡಿದೆ. ಅವನು ಒಂದು ಗಳಿಗೆ ಸುಮ್ಮನಿದ್ದು, ದನಿ ಏರಿಸದೆ ಹೇಳಿದ: "ಸಾರ್, ಅವತ್ತು ಬೇಡ ಅಂದ್ರಿ. ಇವತ್ತು ಬೇಕು ಅಂತೀರಿ. ಎರಡು ಸಲವೂ ನಮ್ಮನ್ನ ಕೇಳ್ಲಿಲ್ಲ." ಆಮೇಲೆ, "ನಿಮ್ಮ ಮೊಮ್ಮಗಳಿಗೆ ಏನು ಕಲಿಸ್ತಿದೀರಿ ಸಾರ್?" ಎಂದ. "ವೀಣೆ" ಎಂದೆ. ಅವನು ನಕ್ಕ. ಆ ನಗುವಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಅವನ ತಂದೆ ತಮಟೆ ಬಾರಿಸಿದ್ದು ಊರ ಹಬ್ಬದಲ್ಲಿ ಮಾತ್ರವಲ್ಲ. ಯಾರ ಮನೆಯಲ್ಲಿ ಸಾವಾದರೂ ಕರೆದೊಡನೆ ಹೋಗಬೇಕು. ಪಂಚಾಯಿತಿಯವರು ಹೇಳಿದ್ದನ್ನು ಬೀದಿಬೀದಿಯಲ್ಲಿ ಸಾರಬೇಕು. ಒಲ್ಲೆ ಎನ್ನುವಂತಿಲ್ಲ. ಸುಗ್ಗಿಯಲ್ಲಿ ಒಂದಿಷ್ಟು ಕಾಳು, ಹಬ್ಬದಲ್ಲಿ ದೂರದಿಂದ ಹಾಕಿದ ಊಟ, ಅಷ್ಟೇ ಕೂಲಿ. ಇದನ್ನು ಬಿಟ್ಟು ಮಗ ಓದಿದ, ಕೆಲಸ ಹಿಡಿದ. ನಾವು ಅದಕ್ಕೆ 'ಕಲೆ ನಶಿಸಿತು' ಎಂದು ಮರುಗುತ್ತೇವೆ. ಬಿಟ್ಟಿ ದುಡಿಮೆ ನಿಂತದ್ದಕ್ಕೂ ಕಲೆ ನಿಂತದ್ದಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಮರುಕ ಇದು. ಸಾವಿಗೆ ತಮಟೆ ಬಾರಿಸುವುದಿಲ್ಲವೆಂದು ಹಠ ಹಿಡಿದು ನಿಂತ ಯುವಕರೂ ಉಂಟು. 1970ರ ದಶಕದಿಂದ ದಲಿತ ಚಳವಳಿಯ ಹಾಡುಗಳಿಗೆ ಅದೇ ತಮಟೆಯನ್ನು ಎತ್ತಿಕೊಂಡು, ಯಾರನ್ನೋ ಸ್ವಾಗತಿಸಲು ಅಲ್ಲ, ತಮ್ಮ ಮಾತು ಹೇಳಲು ಬಾರಿಸಿದವರೂ ಉಂಟು. ಇಬ್ಬರೂ ಮಾಡಿದ್ದು ಒಂದೇ ಕೆಲಸ: ಬಾರಿಸುವುದೋ ಬಿಡುವುದೋ ಎಂಬ ತೀರ್ಮಾನವನ್ನು ತಮ್ಮ ಕೈಗೆ ತೆಗೆದುಕೊಂಡರು. ಆ ತೀರ್ಮಾನ ನಮ್ಮದಲ್ಲ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ನಮ್ಮ ಬಂಧುಬಳಗದ ಗುಂಪಿನಲ್ಲಿ ಆ ಸುದ್ದಿಯನ್ನು ಹನ್ನೊಂದು ಮಂದಿ ಹಂಚಿಕೊಂಡಿದ್ದರು, ನಾನೂ ಒಬ್ಬ. ಕೈಮುಗಿಯುವ ಚಿತ್ರಗಳಿಗೆ ಲೆಕ್ಕವಿಲ್ಲ. ಅದೇ ವರ್ಷ ನಮ್ಮ ಬಳಗದಲ್ಲಿ ಮೂರು ಮದುವೆಗಳಾದವು. ಒಂದರಲ್ಲಿ ವರನನ್ನು ಎದುರುಗೊಳ್ಳಲು ತಮಟೆಯವರು ಬಂದಿದ್ದರು. ಅವರು ಛತ್ರದ ಹಿಂದೆ ನಿಂತು ಊಟ ಮಾಡಿದರು. ನಾನು ನೋಡಿದೆ, ಬಾಳೆಯೆಲೆಯ ಮುಂದೆ ಕುಳಿತಿದ್ದವನು ಏಳಲಿಲ್ಲ. ದೆಹಲಿಯಲ್ಲಿ ರಾಷ್ಟ್ರಪತಿಗಳ ಕೈಯಿಂದ ಸಲ್ಲುವ ಗೌರವ ನಮ್ಮ ಪಂಕ್ತಿಗೆ ಬರಲು ಎಷ್ಟು ವರ್ಷ ಬೇಕು?

ಹಾಗಾದರೆ ಏನು ಮಾಡಬೇಕು? ಮೇಷ್ಟ್ರಾದವನು ದೂರಿ ಸುಮ್ಮನಾಗಬಾರದು, ಉತ್ತರವನ್ನೂ ಬರೆಸಬೇಕು. ಬರೆದುಕೊಳ್ಳಿ.

ಒಂದು: ವಾದಕರ ಮಕ್ಕಳಿಗೆ 'ಕಲೆ ಉಳಿಸು' ಎಂದು ಬುದ್ಧಿ ಹೇಳುವುದನ್ನು ಬಿಡಿ. ಅವರು ನಮಗೆ ಏನನ್ನೂ ಉಳಿಸಿಕೊಡಬೇಕಾಗಿಲ್ಲ. ಉಳಿಯಬೇಕೆಂಬ ಆಸೆ ನಮಗಿದ್ದರೆ ಕಲಿಯಬೇಕಾದವರು ನಮ್ಮ ಮಕ್ಕಳು. ಕೀಬೋರ್ಡಿಗೂ ಗಿಟಾರಿಗೂ ತಿಂಗಳಿಗೆ ಸಾವಿರಗಟ್ಟಲೆ ಶುಲ್ಕ ತೆರುವ ನೀವು ಮೊಮ್ಮಕ್ಕಳನ್ನು ತಮಟೆ ಕಲಿಯಲು ಕಳುಹಿಸುತ್ತೀರಾ? ಎದೆಯ ಮೇಲೆ ಕೈಯಿಟ್ಟು ಹೇಳಿ.

ಎರಡು: ಕಲಿಸುವವರನ್ನು ಮೇಷ್ಟ್ರೆಂದು ಕರೆಯಿರಿ. ಶಾಲೆಯಲ್ಲಿ ಸಂಗೀತ ಶಿಕ್ಷಕರಿಗೆ ಕುರ್ಚಿ, ಹಾಜರಿ ಪುಸ್ತಕ, ಸಂಬಳ ಇರುವಂತೆ ತಮಟೆ, ಡೊಳ್ಳು, ಕಂಸಾಳೆ ಕಲಿಸುವವರಿಗೂ ಇರಬೇಕು. ಜನಪದ ಕಲೆ ಎಂದು ಒಂದು ದಿನ ಕುಣಿಸಿ, ಪ್ರಮಾಣಪತ್ರ ಕೊಟ್ಟು ಕಳುಹಿಸುವುದು ಶಿಕ್ಷಣವಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕಕ್ಕೆ ನಿಮ್ಮನ್ನು ಪ್ರವಾಸ ಕರೆದೊಯ್ದಿದ್ದೆ. ಆ ಮಹನೀಯರು ಕೂಡಿಹಾಕದಿದ್ದರೆ ಎಷ್ಟೋ ವಾದ್ಯಗಳ ರೂಪವೇ ನಮಗೆ ತಿಳಿಯುತ್ತಿರಲಿಲ್ಲ. ಆದರೆ ಗಾಜಿನ ಹಿಂದಿನ ವಾದ್ಯಕ್ಕೆ ರೂಪ ಮಾತ್ರ ಉಂಟು. ನಾದ ಬರಬೇಕಾದರೆ ಮನುಷ್ಯ ಬೇಕು, ಮನುಷ್ಯನಿಗೆ ಮರ್ಯಾದೆ ಬೇಕು.

ಮೂರು: ನಮ್ಮೂರ ದೇವಸ್ಥಾನದಲ್ಲಿ ಈಗ ಮಂಗಳಾರತಿಗೆ ವಿದ್ಯುತ್ ಯಂತ್ರವೊಂದು ಗಂಟೆಯನ್ನೂ ನಗಾರಿಯನ್ನೂ ಒಟ್ಟಿಗೆ ಬಾರಿಸುತ್ತದೆ. ಗುಂಡಿ ಒತ್ತಿದರಾಯಿತು, ಸಂಬಳ ಕೇಳುವುದಿಲ್ಲ, ಊಟ ಕೇಳುವುದಿಲ್ಲ, ಪಂಕ್ತಿಯಲ್ಲಿ ಕೂರುತ್ತೇನೆ ಎನ್ನುವುದಿಲ್ಲ. ಮನುಷ್ಯನನ್ನು ಹೊರಗಿಟ್ಟು ವಾದ್ಯವನ್ನು ಮಾತ್ರ ಒಳಗೆ ಕರೆದುಕೊಳ್ಳಬೇಕೆಂಬ ನಮ್ಮ ಬಹುಕಾಲದ ಬಯಕೆಯನ್ನು ಆ ಯಂತ್ರ ಈಡೇರಿಸಿದೆ. ಹಾಗೊಂದು ಯಂತ್ರಕ್ಕೆ ನಿಮ್ಮಲ್ಲಿ ಯಾರಾದರೂ ಹರಕೆಯ ಹಣ ಕೊಡಲು ಹೊರಟಿದ್ದರೆ, ಆ ಹಣವನ್ನು ಒಬ್ಬ ವಾದಕರ ವರ್ಷದ ಸಂಬಳಕ್ಕೆ ಕೊಡಿ. ದೇವರಿಗೆ ಹೆಚ್ಚು ಪ್ರೀತಿಯಾದೀತು.

ಕೊನೆಯದಾಗಿ ನಿಮ್ಮ ಸಮಾವೇಶದ ವಿಷಯ. ತಮಟೆ ಬೇಡವೆಂದು ನಾನು ಹೇಳುತ್ತಿಲ್ಲ. ಮತ್ತೊಮ್ಮೆ ಅದನ್ನು ಸೈಕಲ್ ಷೆಡ್ಡಿಗೆ ಕಳುಹಿಸುವ ಪಾಪ ನನಗೆ ಬೇಡ. ಮೊದಲು ಬಾರಿಸುವವರನ್ನು ಹೋಗಿ ಕೇಳಿ. ಇಷ್ಟವಿದ್ದರೆ ಬರಲಿ, ಇಲ್ಲವೆಂದರೆ ನಮಸ್ಕಾರ ಹೇಳಿ ಬನ್ನಿ. ಬರುವುದಾದರೆ ಅವರು ಗೇಟಿನ ಹೊರಗೆ ನಿಲ್ಲಬಾರದು. ವೇದಿಕೆಯ ಮೇಲೆ ವೀಣೆಗೆ ಅರ್ಧ ಗಂಟೆಯಾದರೆ ತಮಟೆಗೂ ಅರ್ಧ ಗಂಟೆ. ನಾವು ಕುಳಿತು ಕೇಳಬೇಕು. ಗೌರವಧನ ಇಬ್ಬರಿಗೂ ಒಂದೇ, ಲೆಕ್ಕದ ಪುಸ್ತಕದಲ್ಲಿ ಒಂದೇ ತಲೆಬರಹದ ಕೆಳಗೆ. ಊಟಕ್ಕೆ ನನ್ನ ಎಲೆಯ ಪಕ್ಕದ ಎಲೆ ಅವರದು. ನಾವು ನಾಲ್ಕೈದು ಮಂದಿ ನಿವೃತ್ತ ಮೇಷ್ಟ್ರುಗಳು ಬಸ್ ನಿಲ್ದಾಣದಿಂದ ಮೆರವಣಿಗೆ ಇಲ್ಲದೆ ನಡೆದು ಬರುತ್ತೇವೆ. ಇಷ್ಟು ವರ್ಷ ಹಾಗೆಯೇ ನಡೆದು ಬಂದಿಲ್ಲವೇ?

ಈ ಬರಹವನ್ನು ಪ್ರಕಟಿಸುವ ಮುನ್ನ ಆ ಎಂಜಿನಿಯರನಿಗೆ ಓದಿ ಹೇಳಿ ಒಪ್ಪಿಗೆ ಕೇಳಿದೆ. ಈ ಸಲ ಕೇಳಿದೆ. "ಬರೀರಿ ಸಾರ್, ಹೆಸರು ಮಾತ್ರ ಬೇಡ" ಎಂದ. ಹೆಸರು ಏಕೆ ಬೇಡವೆಂದು ನಾನು ಕೇಳಲಿಲ್ಲ. ತಮಟೆಯವರ ಮಗನೆಂದು ಕಚೇರಿಯಲ್ಲಿ ಗೊತ್ತಾಗುವುದು ಇಂದಿಗೂ ಅವನಿಗೆ ಬೇಡವಾಗಿದ್ದರೆ, ಅದರ ಉತ್ತರವನ್ನು ಅವನಲ್ಲ, ನಾವು ಹೇಳಬೇಕು.

ಕರಡನ್ನು ತಿದ್ದಿ ಕಳುಹಿಸಿದ್ದೇನೆ. 'ಹಾರ್ದಿಕ' ಸರಿಮಾಡಿದ್ದೇನೆ. 'ತಮಟೆ ವಾದನ' ಎಂದು ಬರೆದು ಅದರ ಮುಂದೆ ಒಂದು ಗೆರೆ ಎಳೆದಿದ್ದೇನೆ. ಬಿಟ್ಟ ಸ್ಥಳವನ್ನು ತುಂಬಿರಿ.

ಇಂತು,
ನಿಮ್ಮ ಕನ್ನಡ ಮೇಷ್ಟ್ರು